ಮಾಗಿದ ಲೋಹ, ಮುದಿಯಾದ ಬಿಡಿಭಾಗ, ಬೆಳೆಯುವ ಬಿರುಕು: ಗ್ಯಾಸ್ ಟರ್ಬೈನ್ ಬಗ್ಗೆ ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಂದಿನಿಂದ ನನ್ನ ಬಳಿ ಬರುವ ಪ್ರಶ್ನೆಗಳ ದಿಕ್ಕೇ ಬದಲಾಗಿದೆ. ಮೊದಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ಬೇಕಾದಷ್ಟನ್ನು ಕೇಳಿ ಹೋಗುತ್ತಿದ್ದರು. ಈಗ ಅಂತರಸನಹಳ್ಳಿ, ವಸಂತನರಸಾಪುರದ ಲೇತ್ ಶೆಡ್‌ಗಳಿಂದಲೂ ಜನ ಬರುತ್ತಾರೆ, ಮಗ ಡಿಪ್ಲೊಮಾ ಓದುತ್ತಿದ್ದಾನೆ ಎಂದು ತಂದೆಯಂದಿರೂ ಬರುತ್ತಾರೆ. ಹೆಲಿಕಾಪ್ಟರಿನ ಎಂಜಿನ್ ಕೂಡ ಉರಿದ ಇಂಧನದ ಬಿಸಿ ಅನಿಲದಿಂದ ತಿರುಗುವ ಗ್ಯಾಸ್ ಟರ್ಬೈನೇ. ಅಂಥ ಟರ್ಬೈನ್ ಬಿಡಿಭಾಗಗಳ ತಪಾಸಣೆಯಲ್ಲಿ ನನ್ನ ದುಡಿಮೆಯ ಬಹುಪಾಲು ವರ್ಷಗಳು ಕಳೆದಿವೆ. ಅವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಲೋಹಕ್ಕೂ ದಣಿವು ಇದೆಯೇ? ಒಂದೇ ಏಟಿಗೆ ಮುರಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕಡೆಯ ಬಂಡೆಗಳ ಮೇಲೆ ಕಲ್ಲುಕುಟಿಗರು ಕೆಲಸ ಮಾಡುವುದನ್ನು ನೋಡಿದವರಿಗೆ ಬಿರುಕಿನ ಒಂದು ಮುಖ ಚೆನ್ನಾಗಿ ಗೊತ್ತು. ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಸುತ್ತಿಗೆಯಿಂದ ಸರದಿಯಂತೆ ಹೊಡೆಯುತ್ತಾ ಹೋಗುತ್ತಾರೆ. ಯಾವುದೋ ಒಂದು ಏಟಿಗೆ ಬಂಡೆ ಗೆರೆ ಎಳೆದಂತೆ ಸೀಳುತ್ತದೆ. ಗ್ರಾನೈಟ್‌ಗೆ ಬಾಗುವ ಗುಣವಿಲ್ಲ, ತುದಿಯಲ್ಲಿ ಎಳೆತ ಮಿತಿ ಮೀರಿದರೆ ಬಿರುಕು ನಿಲ್ಲದೆ ಓಡುತ್ತದೆ.

ಲೋಹದ ದಣಿವು ಹಾಗಲ್ಲ. ಒಮ್ಮೆ ಹೊತ್ತರೆ ಯಾವ ತೊಂದರೆಯೂ ಆಗದ ಭಾರವನ್ನು ಸಾವಿರ, ಹತ್ತು ಸಾವಿರ ಸಲ ಹೊತ್ತು ಇಳಿಸಿದಾಗ ಯಾವುದೋ ಮೂಲೆಯಲ್ಲಿ ಲೋಹವನ್ನು ಕಟ್ಟಿರುವ ಸಣ್ಣ ಹರಳುಗಳ ಪದರಗಳು ಹಿಂದೆ ಮುಂದೆ ಜಾರಿ ಜಾರಿ, ಕೊನೆಗೆ ಅಲ್ಲೊಂದು ಕೂದಲೆಳೆಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಆಮೇಲೆ ಪ್ರತಿ ಸಲ ಭಾರ ಏರಿ ಇಳಿದಾಗಲೂ ಬಿರುಕಿನ ತುದಿ ತುಸು ತೆರೆದು, ತುಸು ಮುಂದೆ ಸರಿದು, ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಏರಿಳಿತವನ್ನು ಒಂದು ಆವರ್ತ ಎನ್ನೋಣ. ಕಾರ್ಖಾನೆಗಳಲ್ಲಿ ಇದನ್ನೇ ಸೈಕಲ್ ಎನ್ನುತ್ತಾರೆ.

ಈ ವಿದ್ಯೆ ಹುಟ್ಟಿದ್ದು ವಿಮಾನದಲ್ಲಲ್ಲ, ಗಣಿಯಲ್ಲಿ. ಜರ್ಮನಿಯ ಕ್ಲೌಸ್ಟಾಲ್‌ನಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್‌ಹೆಲ್ಮ್ ಆಲ್ಬರ್ಟ್ ಎಂಬವರು ಅದಿರು ಮೇಲೆತ್ತುವ ಕಬ್ಬಿಣದ ಸರಪಳಿಗಳು ಮೇಲಿಂದ ಮೇಲೆ ತುಂಡಾಗುವುದನ್ನು ಕಂಡು, ಅವುಗಳ ಮೇಲೆ ಭಾರವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷಿಸಿದರು. 1837ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದ ಸುರಂಗಗಳಿಗೆ ಜನರನ್ನು ಇಳಿಸುತ್ತಿದ್ದ ತೊಟ್ಟಿಲು ನೇತಾಡುತ್ತಿದ್ದದ್ದೂ ಹಾಗೆಯೇ ಮತ್ತೆ ಮತ್ತೆ ಭಾರ ಹೊತ್ತು ಇಳಿಸುವ ಉಕ್ಕಿನ ಹಗ್ಗದ ಮೇಲೆ. ಟರ್ಬೈನ್ ದೂರದ ವಸ್ತು ಎನಿಸಿದಾಗ ನಾನು ಆ ಹಗ್ಗವನ್ನು ನೆನಪಿಸಿಕೊಳ್ಳುತ್ತೇನೆ.

ಸೂಪರ್‌ಅಲಾಯ್ ಎಂದರೆ ಯಾವ ಲೋಹ? ಉಕ್ಕು ಯಾಕೆ ಸಾಲದು?

ಟರ್ಬೈನ್‌ಗಳಲ್ಲಿ ಹೆಚ್ಚಾಗಿ ಬಳಸುವುದು ನಿಕ್ಕಲ್ ಆಧಾರದ ಮಿಶ್ರಲೋಹಗಳನ್ನು. ನಿಕ್ಕಲ್‌ಗೆ ಕ್ರೋಮಿಯಂ, ಕೋಬಾಲ್ಟ್, ಮಾಲಿಬ್ಡಿನಮ್, ಅಲ್ಯೂಮಿನಿಯಂ, ಟೈಟಾನಿಯಂ, ನಯೋಬಿಯಂ ಮುಂತಾದವನ್ನು ಅಳತೆಯಾಗಿ ಬೆರೆಸುತ್ತಾರೆ. ಸಾಮಾನ್ಯ ಉಕ್ಕು ಕೆಂಪಗೆ ಕಾಯುವ ಹೊತ್ತಿಗೆ ಮೆದುವಾಗಿ, ಭಾರಕ್ಕೆ ನಿಧಾನವಾಗಿ ಹಿಗ್ಗತೊಡಗುತ್ತದೆ. ಈ ಲೋಹಗಳು ಆ ಬಿಸಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತವೆ. ಇಂದಿನ ದೊಡ್ಡ ಎಂಜಿನ್‌ಗಳಲ್ಲಿ, ಬಿಸಿ ಅನಿಲ ತಳ್ಳುವ ರೆಕ್ಕೆಯಾದ ಬ್ಲೇಡ್ ಮೇಲೆ ಹರಿಯುವ ಅನಿಲದ ಬಿಸಿ ಆ ಬ್ಲೇಡ್‌ನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಬ್ಲೇಡ್‌ನ ಒಳಗೆ ಸಣ್ಣ ಕೊಳವೆಗಳಲ್ಲಿ ಹರಿಯುವ ತಂಪು ಗಾಳಿ ಮತ್ತು ಮೈಮೇಲಿನ ಸೆರಾಮಿಕ್ ಲೇಪನ ಅದನ್ನು ಕಾಪಾಡುತ್ತವೆ.

ಇಂಗ್ಲಿಷ್ ಪುಸ್ತಕದಲ್ಲಿ ‘ಏಜ್ಡ್’ ಎಂದು ಬರೆದಿರುತ್ತಾರೆ. ಅದು ಹಳೆಯದು ಎಂದೇ?

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಆ ಒಂದು ಪದಕ್ಕೆ ಎರಡು ಬೇರೆ ಬೇರೆ ಅರ್ಥಗಳಿವೆ, ಕನ್ನಡದಲ್ಲಿ ಅವಕ್ಕೆ ಎರಡು ಪದಗಳೂ ಇವೆ: ಮಾಗುವುದು ಮತ್ತು ಮುದಿಯಾಗುವುದು.

ಮಾಗುವುದು ಕಾರ್ಖಾನೆಯಲ್ಲಿ ನಡೆಯುತ್ತದೆ. ಲೋಹವನ್ನು ಮೊದಲು ತುಂಬ ಬಿಸಿ ಮಾಡಿ ಬೆರೆತದ್ದೆಲ್ಲ ಕರಗುವಂತೆ ಮಾಡುತ್ತಾರೆ, ಬೇಗ ತಣಿಸುತ್ತಾರೆ, ಅನಂತರ ನಡುಮಟ್ಟದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಒಳಗೆ ಸೂಕ್ಷ್ಮ ಕಣಗಳು ಹೆಪ್ಪುಗಟ್ಟುತ್ತವೆ. ನಿಕ್ಕಲ್ ಮತ್ತು ಅಲ್ಯೂಮಿನಿಯಂ ಸೇರಿ ಆಗುವ ಕಣಕ್ಕೆ ಗಾಮಾ ಪ್ರೈಮ್ ಎಂದು ಹೆಸರು. 718 ಎಂಬ ಹೆಸರಾಂತ ಮಿಶ್ರಲೋಹದಲ್ಲಿ ಗಟ್ಟಿತನಕ್ಕೆ ಮುಖ್ಯ ಕಾರಣ ನಿಕ್ಕಲ್ ಮತ್ತು ನಯೋಬಿಯಂ ಸೇರಿದ ಗಾಮಾ ಡಬಲ್ ಪ್ರೈಮ್. ಅದನ್ನು ಮಾಗಿಸುವ ರೂಢಿಯ ಕ್ರಮ ಹೀಗಿದೆ: ಸುಮಾರು 720 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ, ಬಳಿಕ ಕುಲುಮೆಯಲ್ಲೇ ನಿಧಾನವಾಗಿ 620 ಡಿಗ್ರಿಗೆ ಇಳಿಸಿ, ಒಟ್ಟು 18 ಗಂಟೆ ತುಂಬುವವರೆಗೆ ಅಲ್ಲಿಯೇ ಇಡುವುದು. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸನ್ನು ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಬೇಗ ಕೊಯ್ದರೆ ಕಾಯಿ, ಹದಕ್ಕೆ ಬಂದರೆ ತೊಳೆ ಗಟ್ಟಿಯಾಗಿ ಸಿಹಿಯಾಗಿರುತ್ತದೆ, ದಿನ ಮೀರಿದರೆ ಕೊಳೆಯುತ್ತದೆ. ಲೋಹಕ್ಕೂ ಅರೆಮಾಗಿದ, ಹದವಾಗಿ ಮಾಗಿದ, ಅತಿಯಾಗಿ ಮಾಗಿದ ಸ್ಥಿತಿಗಳಿವೆ.

ಮುದಿಯಾಗುವುದು ಎಂಜಿನ್‌ನೊಳಗೆ ನಡೆಯುತ್ತದೆ, ಯಾರ ಅಪ್ಪಣೆಗೂ ಕಾಯದೆ. ಸಾವಿರಾರು ಗಂಟೆಗಳ ಬಿಸಿಯಲ್ಲಿ ಸಣ್ಣ ಕಣಗಳು ಕರಗಿ ದೊಡ್ಡ ಕಣಗಳಿಗೆ ಸೇರಿಕೊಳ್ಳುತ್ತವೆ, ಕಣಗಳ ಸಂಖ್ಯೆ ಇಳಿದು ಗಾತ್ರ ಹೆಚ್ಚುತ್ತದೆ, ನಡುವಿನ ಅಂತರ ಅಗಲವಾಗುತ್ತದೆ. ಒಂದೇ ಹರಳಿನಿಂದ ಎರಕ ಹೊಯ್ದ ಬ್ಲೇಡ್‌ಗಳಲ್ಲಿ, ಭಾರವೂ ಬಿಸಿಯೂ ಕೂಡಿದಾಗ, ಚೌಕನೆಯ ಕಣಗಳು ಒಂದಕ್ಕೊಂದು ಬೆಸೆದು ತೆಪ್ಪದ ಹಲಗೆಗಳಂತೆ ಸಾಲುಗಟ್ಟುತ್ತವೆ. ಹರಳುಗಳ ಗಡಿಗಳಲ್ಲಿ ಕಾರ್ಬೈಡ್‌ಗಳು, ಅಂದರೆ ಇಂಗಾಲ ಸೇರಿದ ಕಣಗಳು, ರೂಪ ಬದಲಿಸುತ್ತವೆ. ಕೆಲವು ಮಿಶ್ರಲೋಹಗಳಲ್ಲಿ ಸಿಗ್ಮಾ ಎಂಬ ಪೆಡಸು ಕಣ ಮೂಡುತ್ತದೆ. 718 ಲೋಹದಲ್ಲಿ ಸುಮಾರು 650 ಡಿಗ್ರಿಗಿಂತ ಮೇಲೆ ದೀರ್ಘಕಾಲ ಇಟ್ಟರೆ ಒಳ್ಳೆಯ ಕಣ ಕರಗಿ ಡೆಲ್ಟಾ ಎಂಬ ಬೇರೆ ಬಗೆಯ ಕಣವಾಗುತ್ತದೆ, ಅದರಿಂದ ಲೋಹ ಗಟ್ಟಿತನ ಕಳೆದುಕೊಳ್ಳುತ್ತದೆ.

ಆದ್ದರಿಂದ ಯಾವುದೇ ಪಠ್ಯದಲ್ಲಿ ಆ ಪದ ಸಿಕ್ಕಾಗ ಮೊದಲು ಕೇಳಿಕೊಳ್ಳಿ: ಇದು ಕುಲುಮೆಯಲ್ಲಿ ಮಾಗಿದ್ದೋ, ಎಂಜಿನ್‌ನಲ್ಲಿ ಮುದಿಯಾದದ್ದೋ?

ಹದವಾಗಿ ಮಾಗಿದ ಲೋಹದಲ್ಲಿ ಬಿರುಕು ನಿಧಾನವಾಗಿಯೇ ಬೆಳೆಯಬೇಕಲ್ಲವೇ?

ಹೆಚ್ಚು ಗಟ್ಟಿಯಾದದ್ದು ಬಿರುಕನ್ನೂ ಹೆಚ್ಚು ತಡೆಯುತ್ತದೆ ಎಂದು ಅನಿಸುವುದು ಸಹಜ. ವಸ್ತುಸ್ಥಿತಿ ಅಷ್ಟು ಸರಳವಲ್ಲ. ಕಣಗಳು ತೀರ ಸಣ್ಣದಾಗಿದ್ದಾಗ ಜಾರುವ ಪದರಗಳು ಅವನ್ನು ಕತ್ತರಿಸಿಕೊಂಡು ಒಂದೇ ಸಮತಲದಲ್ಲಿ ಹೋಗುತ್ತವೆ, ಭಾರ ಇಳಿದಾಗ ಅದೇ ದಾರಿಯಲ್ಲಿ ಬಹುಪಾಲು ಹಿಂದಿರುಗುತ್ತವೆ. ಹಿಂದಿರುಗಿದ ಜಾರುವಿಕೆಯಿಂದ ಹಾನಿ ಕಡಿಮೆ. ಬಿರುಕೂ ಹರಳಿನ ಪದರಗಳನ್ನು ಹಿಡಿದು ಅಂಕುಡೊಂಕಾಗಿ ಸಾಗುತ್ತದೆ. ಅದರ ಎರಡು ಮುಖಗಳ ಉಬ್ಬುತಗ್ಗುಗಳು ಒಂದಕ್ಕೊಂದು ತಾಗಿ ಅದನ್ನು ಪೂರ್ತಿ ಮುಚ್ಚಗೊಡುವುದಿಲ್ಲ. ಇದರಿಂದ ತುದಿಗೆ ತಲುಪುವ ಏರಿಳಿತ ಕುಗ್ಗುತ್ತದೆ. ಭಾರ ಪೂರ್ತಿ ಇಳಿಯುವ ಮೊದಲೇ ಬಿರುಕಿನ ಮುಖಗಳು ಒಂದಕ್ಕೊಂದು ತಾಗುವ ಸಂಗತಿಯನ್ನು ವುಲ್ಫ್ ಎಲ್ಬರ್ ಎಂಬ ಸಂಶೋಧಕರು 1970ರ ಸುಮಾರಿಗೆ ಗುರುತಿಸಿದರು. ಕಣಗಳು ದೊಡ್ಡದಾದಾಗ ಪದರಗಳು ಅವನ್ನು ಕತ್ತರಿಸಲಾರದೆ ಸುತ್ತಿ ಹೋಗುತ್ತವೆ, ಜಾರುವಿಕೆ ಎಲ್ಲ ಕಡೆ ಹರಡುತ್ತದೆ, ಬಿರುಕು ನೇರವಾಗುತ್ತದೆ. ಹೀಗಾಗಿ ಸಾಧಾರಣ ಬಿಸಿಯಲ್ಲಿ, ನಿಧಾನಗತಿಯ ಬೆಳವಣಿಗೆಯ ವಲಯದಲ್ಲಿ, ಅರೆಮಾಗಿದ ಲೋಹವೇ ಕೆಲವೊಮ್ಮೆ ಬಿರುಕಿಗೆ ಹೆಚ್ಚು ತಡೆ ಒಡ್ಡುತ್ತದೆ.

ಹರಳಿನ ಗಾತ್ರದಲ್ಲೂ ಇಂಥದೇ ಇಕ್ಕಟ್ಟು ಇದೆ. ಸಣ್ಣ ಹರಳಿನ ಲೋಹದಲ್ಲಿ ಬಿರುಕು ಹುಟ್ಟುವುದು ತಡ. ಹುಟ್ಟಿದ ಮೇಲೆ ಬೆಳೆಯುವುದು ಬೇಗ. ದೊಡ್ಡ ಹರಳಿನದರಲ್ಲಿ ಇದು ತಿರುವುಮುರುವು. ಅದಕ್ಕೇ ಕೆಲವು ಆಧುನಿಕ ಡಿಸ್ಕ್‌ಗಳನ್ನು, ಅಂದರೆ ಬ್ಲೇಡ್‌ಗಳನ್ನು ಅಂಚಿನಲ್ಲಿ ಹೊತ್ತು ತಿರುಗುವ ಚಕ್ರಗಳನ್ನು, ನಡುವೆ ಸಣ್ಣ ಹರಳು, ಬಿಸಿ ಹೆಚ್ಚಿರುವ ಅಂಚಿನಲ್ಲಿ ದೊಡ್ಡ ಹರಳು ಇರುವಂತೆ ಹದ ಮಾಡುತ್ತಾರೆ. ಒಂದೇ ತುಂಡು ಲೋಹಕ್ಕೆ ಎರಡು ಸ್ವಭಾವ ಕೊಡುವ ಈ ಕೆಲಸವನ್ನು ನಾನು ಲೋಹವಿದ್ಯೆಯ ಅತಿ ಸುಂದರ ಸಾಧನೆಗಳಲ್ಲಿ ಒಂದೆಂದು ಭಾವಿಸುತ್ತೇನೆ.

ಬಿರುಕಿನ ವೇಗವನ್ನು ಲೆಕ್ಕ ಹಾಕಬಹುದೇ?

ಹಾಕಬಹುದು. ಅದಿಲ್ಲದಿದ್ದರೆ ಈ ವೃತ್ತಿಯೇ ಇರುತ್ತಿರಲಿಲ್ಲ. ಬಿರುಕಿನ ತುದಿಯಲ್ಲಿ ಎಳೆತ ಎಷ್ಟು ತೀವ್ರ ಎಂಬುದನ್ನು ಕೆ ಎಂಬ ಅಳತೆಯಿಂದ ಹೇಳುತ್ತಾರೆ. 1957ರಲ್ಲಿ ಜಾರ್ಜ್ ಇರ್ವಿನ್ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. ಎಳೆತ ಎರಡು ಪಟ್ಟಾದರೆ ಕೆ ಎರಡು ಪಟ್ಟು. ಬಿರುಕಿನ ಉದ್ದ ನಾಲ್ಕು ಪಟ್ಟಾದರೂ ಕೆ ಎರಡು ಪಟ್ಟು, ಏಕೆಂದರೆ ಅದು ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಆವರ್ತದಲ್ಲಿ ಕೆ ಎಷ್ಟು ಏರಿ ಇಳಿಯುತ್ತದೋ ಅದು ಡೆಲ್ಟಾ ಕೆ. ಪಾಲ್ ಪ್ಯಾರಿಸ್ ಎಂಬ ಎಂಜಿನಿಯರ್ 1960ರ ದಶಕದ ಆರಂಭದಲ್ಲಿ ತೋರಿಸಿದ್ದು ಇಷ್ಟು: ಒಂದು ಆವರ್ತಕ್ಕೆ ಬಿರುಕು ಬೆಳೆಯುವ ದೂರವು ಡೆಲ್ಟಾ ಕೆಯ ಒಂದು ಘಾತಕ್ಕೆ ಅನುಗುಣವಾಗಿರುತ್ತದೆ. ಆ ಘಾತ ಲೋಹಗಳಲ್ಲಿ ಸಾಮಾನ್ಯವಾಗಿ 2ರಿಂದ 4ರ ನಡುವೆ. ಇಂದು ಎಲ್ಲ ಪಠ್ಯದಲ್ಲೂ ಇರುವ ಈ ವಿಚಾರವನ್ನು ಹೇಳಿದ ಅವರ ಲೇಖನವನ್ನು ಮೊದಲಿಗೆ ಹೆಸರಾಂತ ಪತ್ರಿಕೆಗಳು ತಿರಸ್ಕರಿಸಿದ್ದವು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು, ಯಾವುದೇ ನಿಜವಾದ ಭಾಗದವಲ್ಲ. ಘಾತ 3 ಎಂದಿರಲಿ. ಬಿರುಕು 0.5 ಮಿಲಿಮೀಟರ್ ಇದ್ದಾಗ ಪ್ರತಿ ಆವರ್ತಕ್ಕೆ 0.0001 ಮಿಲಿಮೀಟರ್ ಬೆಳೆಯುತ್ತದೆ ಎಂದಿರಲಿ. ಎಳೆತವೂ ಬಿರುಕಿನ ಆಕಾರವೂ ಬದಲಾಗದಿದ್ದರೆ ಅದು 2 ಮಿಲಿಮೀಟರ್ ತಲುಪಲು 5,000 ಆವರ್ತ ಬೇಕು. ಆ ಹೊತ್ತಿಗೆ ಅದರ ವೇಗ ಎಂಟು ಪಟ್ಟು ಹೆಚ್ಚಿರುತ್ತದೆ. ಅಲ್ಲಿಂದ 8 ಮಿಲಿಮೀಟರ್ ತಲುಪಲು 2,500 ಆವರ್ತ ಸಾಕು. ಮೊದಲ ಒಂದೂವರೆ ಮಿಲಿಮೀಟರ್‌ಗೆ ತೆಗೆದುಕೊಂಡ ಕಾಲದ ಅರ್ಧದಲ್ಲಿ ಮುಂದಿನ ಆರು ಮಿಲಿಮೀಟರ್ ಮುಗಿಯಿತು! ಬಿರುಕಿನ ಆಯುಷ್ಯದ ಬಹುಭಾಗ ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದಾಗಲೇ ಕಳೆಯುತ್ತದೆ. ‘ಇನ್ನೂ ಸಣ್ಣದಿದೆ, ಮುಂದಿನ ಸಲ ನೋಡೋಣ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ತಾವೇ ಕೂತು ಮಾಡಬೇಕು.

ಇನ್ನೊಂದು ಎಚ್ಚರಿಕೆ. ಒಂದೆರಡು ಹರಳುಗಳಷ್ಟೇ ಉದ್ದದ ತೀರ ಸಣ್ಣ ಬಿರುಕುಗಳು ಈ ನಿಯಮಕ್ಕೆ ಬದ್ಧವಲ್ಲ. ದೊಡ್ಡ ಬಿರುಕುಗಳ ಪರೀಕ್ಷೆಯಿಂದ ಪಡೆದ ಗೆರೆ ಹೇಳುವುದಕ್ಕಿಂತ ಅವು ಬೇಗ ಬೆಳೆಯಬಲ್ಲವು.

ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತಿಳಿದರೆ ಸಾಲದೇ?

ಸಾಲದು. ಕೊಳವೆಬಾವಿಯ ಮೋಟರನ್ನು ನೆನೆಯಿರಿ. ಮೂರು ಫೇಸ್ ಕರೆಂಟ್ ಬಂದು ಹೋಗಿ, ದಿನಕ್ಕೆ ಹತ್ತು ಸಲ ನಿಂತು ಹೊರಟ ಮೋಟರಿಗೂ ಒಂದೇ ಸಮನೆ ಓಡಿದ ಮೋಟರಿಗೂ ವ್ಯತ್ಯಾಸ ರೈತರಿಗೆ ಗೊತ್ತಿದೆ. ವಿದ್ಯುತ್ ಸ್ಥಾವರದ ಟರ್ಬೈನ್ ಒಮ್ಮೆ ಹೊತ್ತಿಸಿದರೆ ವಾರಗಟ್ಟಲೆ ಓಡಬಹುದು, ಅದಕ್ಕೆ ಆವರ್ತಗಳು ಕಡಿಮೆ, ಬಿಸಿಯ ಗಂಟೆಗಳು ಹೆಚ್ಚು. ಹೆಲಿಕಾಪ್ಟರ್ ಎಂಜಿನ್ ಏರುವಾಗ, ತೇಲಿ ನಿಲ್ಲುವಾಗ, ಇಳಿಯುವಾಗ ಶಕ್ತಿಯನ್ನು ಪದೇ ಪದೇ ಬದಲಿಸುತ್ತದೆ. ಒಂದೇ ಹಾರಾಟದಲ್ಲಿ ಒಂದು ಪೂರ್ಣ ಆವರ್ತ, ಅದರೊಳಗೆ ಹಲವು ಅರೆ ಆವರ್ತಗಳು. ಗುಬ್ಬಿಯಲ್ಲಿ ತಯಾರಾಗುವ ಲಘು ಹೆಲಿಕಾಪ್ಟರಿಗೆ ಇರುವುದು ಒಂದೇ ಎಂಜಿನ್. ಹಾಗಾಗಿ ಈ ಎಣಿಕೆ ಅಲ್ಲಿ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ.

ಬಿಸಿಯಲ್ಲಿ ಬಿರುಕು ಬೇರೆ ರೀತಿ ವರ್ತಿಸುತ್ತದೆಯೇ?

ತುಂಬ ಬೇರೆ ರೀತಿ. ನನ್ನ ಮನಸ್ಸನ್ನು ಹಿಡಿದ ಸಂಗತಿ ಇದು.

ಕೋಣೆಯ ಬಿಸಿಯಲ್ಲಿ ಬಿರುಕು ಹರಳುಗಳನ್ನು ಸೀಳಿಕೊಂಡು ಹೋಗುತ್ತದೆ. ಆವರ್ತ ವೇಗವಾಗಿದ್ದರೂ ನಿಧಾನವಾಗಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ, ಎಣಿಕೆಯೇ ಮುಖ್ಯ. 600, 650 ಡಿಗ್ರಿಯ ಸುಮಾರಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಭಾರವನ್ನು ಏರಿಸಿ, ಇಳಿಸುವ ಮೊದಲು ಒಂದೆರಡು ನಿಮಿಷ ಹಾಗೆಯೇ ಹಿಡಿದಿಡಿ. ಗಾಳಿಯಲ್ಲಿ ಈ ಪರೀಕ್ಷೆ ಮಾಡಿದರೆ 718ರಂಥ ಲೋಹದಲ್ಲಿ ಪ್ರತಿ ಆವರ್ತಕ್ಕೆ ಬಿರುಕು ಹತ್ತಾರು ಪಟ್ಟು ಹೆಚ್ಚು ಬೆಳೆಯಬಹುದು. ಅದೇ ಪರೀಕ್ಷೆಯನ್ನು ನಿರ್ವಾತದಲ್ಲಿ ಮಾಡಿದರೆ ಆ ಹೆಚ್ಚಳ ಬಹುಪಾಲು ಮಾಯವಾಗುತ್ತದೆ. ಅಂದರೆ ಅಪರಾಧಿ ಬರಿಯ ಭಾರವಲ್ಲ, ನಾವು ಉಸಿರಾಡುವ ಆಮ್ಲಜನಕವೇ.

ಭಾರದಿಂದ ತೆರೆದುಕೊಂಡ ಬಿರುಕಿನ ತುದಿಗೆ ಆಮ್ಲಜನಕ ಹೋಗಿ ಹರಳುಗಳ ಗಡಿಯನ್ನು ಸೇರುತ್ತದೆ. ಗಡಿ ಎಂದರೆ ಎರಡು ಹರಳುಗಳ ಜೋಡಣೆ ಸಡಿಲವಾಗಿರುವ ಜಾಗ, ಗೋಡೆಯಲ್ಲಿ ಇಟ್ಟಿಗೆಗಳ ನಡುವಿನ ಗಾರೆಯಂತೆ. ಆಮ್ಲಜನಕ ಆ ಗಾರೆಯನ್ನು ಪೆಡಸು ಮಾಡುತ್ತದೆ, ಎಳೆತ ಅದನ್ನು ಒಡೆಯುತ್ತದೆ, ಹೊಸ ಗಡಿ ತೆರೆಯುತ್ತದೆ, ಆಮ್ಲಜನಕ ಮತ್ತೆ ಒಳಹೊಗುತ್ತದೆ. ಬಿರುಕು ಈಗ ಇಟ್ಟಿಗೆಯನ್ನು ಬಿಟ್ಟು ಗಾರೆಯಲ್ಲೇ ಸಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಂಥ ಮುರಿದ ಮುಖವನ್ನು ನೋಡಿದರೆ ಹರಳುಗಳು ಒಂದೊಂದಾಗಿ ಬಿಡಿಸಿಟ್ಟ ಕಲ್ಲುಸಕ್ಕರೆಯಂತೆ ಕಾಣುತ್ತವೆ.

ಇದರ ಜೊತೆಗೆ ಬಿಸಿಯಲ್ಲಿ ಭಾರ ಹೊತ್ತು ನಿಧಾನವಾಗಿ ಹಿಗ್ಗುವ ಕ್ರೀಪ್ ಕೂಡ ಸೇರುತ್ತದೆ. ಅದು ಯಾವಾಗಲೂ ಕೆಡುಕನ್ನೇ ಮಾಡುತ್ತದೆ ಎಂದಲ್ಲ. ಕೆಲವೊಮ್ಮೆ ತುದಿಯ ಎಳೆತವನ್ನು ಸಡಿಲಿಸಿ ಬಿರುಕನ್ನು ತಡೆಯುವುದೂ ಉಂಟು. ಮುದಿಯಾದ ಲೋಹದಲ್ಲಿ ಕಣಗಳು ದೊಡ್ಡದಾಗಿ ಲೋಹ ಮೆದುವಾದಾಗ ಈ ಸಡಿಲಿಕೆ ಹೆಚ್ಚಬಹುದು. ಇನ್ನೊಂದೆಡೆ ಗಡಿಗಳು ಪೆಡಸಾಗಿ ದುರ್ಬಲವಾಗಿರಬಹುದು. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಆಯಾ ಲೋಹ, ಆಯಾ ಬಿಸಿ, ಆಯಾ ಕಾಲಕ್ಕೆ ಬಿಟ್ಟದ್ದು. ಹಾಗಾಗಿಯೇ ಹೊಸ ಲೋಹದ ಪರೀಕ್ಷಾ ಅಂಕಿಗಳನ್ನು ಹಳೆಯ ಭಾಗಕ್ಕೆ ಕಣ್ಣುಮುಚ್ಚಿ ಅನ್ವಯಿಸಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಕೆಲಸ ಮಾಡಿ ಹಿಂದಿರುಗಿದ ಭಾಗದಿಂದಲೇ ಮಾದರಿ ಕತ್ತರಿಸಿ ಪರೀಕ್ಷಿಸಬೇಕು. ಅದಕ್ಕೆ ಖರ್ಚಾಗುತ್ತದೆ, ಭಾಗವೂ ಹಾಳಾಗುತ್ತದೆ, ನಿಜ. ಆದರೂ ಹಲವು ಭಾಗಗಳ ಪರವಾಗಿ ಒಂದನ್ನು ಬಲಿ ಕೊಡುವುದು ನ್ಯಾಯವಾದ ಲೆಕ್ಕವೇ.

ಬ್ಲೇಡ್ ಮುರಿದರೆ ಅಪಾಯವೋ, ಡಿಸ್ಕ್ ಮುರಿದರೆ ಅಪಾಯವೋ?

ಎರಡೂ ಕೆಟ್ಟದ್ದೇ. ಆದರೆ ಒಂದು ಬ್ಲೇಡ್ ಕಳಚಿದರೆ ಅದನ್ನು ಎಂಜಿನ್ನಿನ ಹೊರಕವಚ ಹಿಡಿದು ನಿಲ್ಲಿಸಬೇಕೆಂದು ವಿನ್ಯಾಸ ಮಾಡಿರುತ್ತಾರೆ. ಡಿಸ್ಕ್ ಒಡೆದರೆ ಅದರ ತುಂಡುಗಳನ್ನು ತಡೆಯುವ ಕವಚವನ್ನು ಹಾರಬಲ್ಲ ತೂಕದಲ್ಲಿ ಮಾಡಲಾಗದು. ಆದ್ದರಿಂದ ಡಿಸ್ಕ್ ಒಡೆಯಲೇಬಾರದು.

2016ರ ಅಕ್ಟೋಬರ್ 28ರಂದು ಷಿಕಾಗೋದ ಓಹೇರ್ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 383ನೇ ಸಂಖ್ಯೆಯ ವಿಮಾನ ಮೇಲೇರಲು ಓಡುತ್ತಿದ್ದಾಗ ಬಲಗಡೆಯ ಎಂಜಿನ್ನಿನ ಟರ್ಬೈನ್ ಡಿಸ್ಕ್ ಒಡೆಯಿತು. ಅದು 718 ಮಿಶ್ರಲೋಹದ್ದು. ಒಂದು ತುಂಡು ರೆಕ್ಕೆಯನ್ನು ತೂರಿಕೊಂಡು ಸುಮಾರು 900 ಮೀಟರ್ ದೂರದ ಗೋದಾಮಿಗೆ ಬಿದ್ದಿತು. ಸೋರಿದ ಇಂಧನಕ್ಕೆ ಬೆಂಕಿ ಹತ್ತಿತು. ಪೈಲಟ್ ಓಟವನ್ನು ನಿಲ್ಲಿಸಿದ್ದರಿಂದ ಎಲ್ಲರೂ ಬದುಕುಳಿದರು. ಇಳಿಯುವಾಗ ಒಬ್ಬ ಪ್ರಯಾಣಿಕರಿಗೆ ತೀವ್ರ ಗಾಯವಾಯಿತು. ತನಿಖೆಯಲ್ಲಿ ಕಂಡದ್ದು ಇದು: ಲೋಹವನ್ನು ಕರಗಿಸಿ ಗಟ್ಟಿ ಮಾಡುವಾಗಲೇ ಒಳಗೆ ಒಂದು ದೋಷದ ಚುಕ್ಕೆ ಉಳಿದಿತ್ತು, ಅಲ್ಲಿಂದ ಹುಟ್ಟಿದ ದಣಿವಿನ ಬಿರುಕುಗಳು ಹಾರಾಟದಿಂದ ಹಾರಾಟಕ್ಕೆ ಬೆಳೆದಿದ್ದವು. ಡಿಸ್ಕ್‌ಗೆ ನಿಗದಿಯಾಗಿದ್ದ ಮಿತಿ 15,000 ಆವರ್ತ. ಅದು ಒಡೆದದ್ದು 11,000 ಆವರ್ತ ತುಂಬುವ ಮೊದಲು. ದೋಷ ಲೋಹದ ಒಳಗಿದ್ದುದರಿಂದ ಮೇಲ್ಮೈ ತಪಾಸಣೆಗೆ ಸಿಗುವಂತಿರಲಿಲ್ಲ. ಈ ಅವಘಡದ ಬಳಿಕ ಅಂಥ ಡಿಸ್ಕ್‌ಗಳಿಗೆ ಒಳಗನ್ನೂ ನೋಡುವ ಅಲ್ಟ್ರಾಸಾನಿಕ್ ತಪಾಸಣೆಗೆ ಒತ್ತು ಬಂದಿತು.

ಬಿರುಕು ಕಂಡ ಕೂಡಲೇ ಭಾಗವನ್ನು ಎಸೆಯಬೇಕೇ?

ಇಲ್ಲಿ ಎರಡು ಚಿಂತನೆಗಳಿವೆ. ಹಳೆಯದು ಸುರಕ್ಷಿತ ಆಯುಷ್ಯದ ಪದ್ಧತಿ: ಸಾವಿರ ಡಿಸ್ಕ್‌ಗಳಲ್ಲಿ ಒಂದರಲ್ಲಿ ಸುಮಾರು 0.8 ಮಿಲಿಮೀಟರಿನ ಬಿರುಕು ಹುಟ್ಟಬಹುದಾದ ಆವರ್ತ ಸಂಖ್ಯೆಯನ್ನು ಕಂಡುಕೊಂಡು, ಆ ಸಂಖ್ಯೆ ತಲುಪಿದಾಗ ಸಾವಿರವನ್ನೂ ನಿವೃತ್ತಿಗೊಳಿಸುವುದು. ಉಳಿದ 999 ಚೆನ್ನಾಗಿಯೇ ಇದ್ದರೂ ಹೋಗುತ್ತವೆ. ಎರಡನೆಯದು ಹಾನಿ ಸಹಿಷ್ಣುತೆಯ ಪದ್ಧತಿ. ನಮ್ಮ ತಪಾಸಣೆಯ ಕಣ್ಣಿಗೆ ತಪ್ಪಿಹೋಗಬಹುದಾದಷ್ಟು ದೊಡ್ಡ ಬಿರುಕು ಅಲ್ಲಿ ಈಗಾಗಲೇ ಇದೆ ಎಂದು ಭಾವಿಸಿ, ಅದು ಅಪಾಯದ ಗಾತ್ರ ತಲುಪಲು ಎಷ್ಟು ಆವರ್ತ ಬೇಕೆಂದು ಲೆಕ್ಕ ಹಾಕಿ, ಅದರ ಅರ್ಧಕ್ಕೆ ಮತ್ತೆ ತಪಾಸಣೆ ಮಾಡುವುದು. ಏನೂ ಕಾಣದಿದ್ದರೆ ಮತ್ತೊಂದು ಅವಧಿಗೆ ಬಿಡುವುದು. ಅಮೆರಿಕದ ವಾಯುಪಡೆ 1980ರ ದಶಕದಲ್ಲಿ ಯುದ್ಧವಿಮಾನಗಳ ಎಫ್100 ಎಂಜಿನ್‌ಗಳ ಭಾಗಗಳಿಗೆ ಈ ದಾರಿ ಹಿಡಿದು, ಕಾರಣ ಸಿಕ್ಕರೆ ಮಾತ್ರ ನಿವೃತ್ತಿ ಎಂಬ ಕ್ರಮ ತಂದಿತು.

ಗಮನಿಸಿ, ಎರಡನೆಯ ಪದ್ಧತಿಯಲ್ಲೂ ಡಿಸ್ಕ್‌ನಲ್ಲಿ ಬಿರುಕು ಕಂಡರೆ ಡಿಸ್ಕ್ ಹೊರಗೆ ಹೋಗುತ್ತದೆ. ಬಿರುಕಿನೊಡನೆ ಓಡಿಸಲು ಅಲ್ಲಿ ಅನುಮತಿ ಇಲ್ಲ. ಕಾಣದೆ ಉಳಿದಿರಬಹುದಾದ ಬಿರುಕಿಗೂ ಲೆಕ್ಕ ಇಡುತ್ತಾರೆ ಅಷ್ಟೇ. ತಿರುಗದೆ ನಿಂತಿರುವ ಕೆಲವು ಭಾಗಗಳಲ್ಲಿ, ಉದಾಹರಣೆಗೆ ಅನಿಲವನ್ನು ಬ್ಲೇಡ್‌ಗಳತ್ತ ತಿರುಗಿಸುವ ನಾಝಲ್ ವೇನ್‌ಗಳಲ್ಲಿ ಅಥವಾ ದಹನ ಕೋಠಿಯ ಒಳಪದರದಲ್ಲಿ, ಎಷ್ಟು ಉದ್ದದ ಬಿರುಕಿಗೆ ಅವಕಾಶವಿದೆ ಎಂದು ಕೈಪಿಡಿಯೇ ಹೇಳುತ್ತದೆ. ಕೈಪಿಡಿಯನ್ನು ಬಿಟ್ಟು ಯಾರ ಅನುಭವದ ಮಾತನ್ನೂ ನಂಬಬೇಡಿ, ನನ್ನದನ್ನೂ.

ಬಿರುಕನ್ನು ಹುಡುಕುವುದು ಹೇಗೆ?

ಹೆಚ್ಚು ಬಳಕೆಯಲ್ಲಿರುವುದು ಹೊಳೆಯುವ ದ್ರವದ ತಪಾಸಣೆ, ಶಾಪ್‌ನಲ್ಲಿ ಎಫ್‌ಪಿಐ ಎನ್ನುತ್ತಾರೆ. ಭಾಗವನ್ನು ಚೆನ್ನಾಗಿ ತೊಳೆದು, ಬಣ್ಣದ ದ್ರವದಲ್ಲಿ ನೆನೆಸಿ, ಮೇಲ್ಮೈಯನ್ನು ತೊಳೆದು, ಬಿಳಿ ಪುಡಿ ಉದುರಿಸುತ್ತಾರೆ. ಬಿರುಕಿನೊಳಗೆ ಉಳಿದ ದ್ರವವನ್ನು ಪುಡಿ ಹೀರಿ ಮೇಲೆ ತರುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಬಿಟ್ಟರೆ ಹಸಿರು ಗೆರೆ ಹೊಳೆಯುತ್ತದೆ. ರಂಧ್ರ, ತೋಡುಗಳಂಥ ಆಯಕಟ್ಟಿನ ಜಾಗಗಳಿಗೆ ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ನೋಡುವ ಎಡ್ಡಿ ಕರೆಂಟ್, ಒಳಗಿನ ದೋಷಕ್ಕೆ ಅಲ್ಟ್ರಾಸಾನಿಕ್, ಎಂಜಿನ್ ಬಿಚ್ಚದೆ ಇಣುಕಲು ಬೋರೋಸ್ಕೋಪ್.

ಒಂದು ಘಟನೆ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹಳೆಯ ಡಿಸ್ಕ್ ಒಂದು ತಪಾಸಣೆಗೆ ಬಂದಿತ್ತು. ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ದ್ರವದ ತಪಾಸಣೆಯಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಆ ಹೊಳಪೇ ನನ್ನನ್ನು ಕಾಡಿತು. ವಿಚಾರಿಸಿದಾಗ ಮಸಿ ಬಿಡಿಸಲೆಂದು ಅದಕ್ಕೆ ಗ್ರಿಟ್, ಅಂದರೆ ಒರಟು ಪುಡಿಕಣಗಳನ್ನು, ರಭಸದಿಂದ ಹೊಡೆದಿದ್ದರೆಂದು ತಿಳಿಯಿತು. ಹಾಗೆ ಹೊಡೆದಾಗ ಮೇಲ್ಮೈಯ ಲೋಹ ಸವರಿದಂತಾಗಿ ಬಿರುಕಿನ ಬಾಯಿ ಮುಚ್ಚುತ್ತದೆ, ದ್ರವಕ್ಕೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಒಪ್ಪಿಗೆ ಪಡೆದು ಆಮ್ಲದಿಂದ ಲಘುವಾಗಿ ತಿನ್ನಿಸಿ ಮತ್ತೆ ನೋಡಿದೆವು. ಬ್ಲೇಡ್ ಕೂರುವ ತೋಡಿನ ತಳದಲ್ಲಿ ಎರಡು ಮಿಲಿಮೀಟರಿನ ಹಸಿರು ಗೆರೆ ಹೊಳೆಯಿತು. ಆಮೇಲೆ ಅದರ ದಾಖಲೆ ಚೀಟಿ ತೆಗೆದು ನೋಡಿದರೆ ಆವರ್ತಗಳ ಕಾಲಂ ಖಾಲಿ ಇತ್ತು. ಗಂಟೆಗಳನ್ನು ಮಾತ್ರ ಬರೆದಿದ್ದರು. ಬಿರುಕು ನನ್ನನ್ನು ಅಷ್ಟು ಹೆದರಿಸಲಿಲ್ಲ, ಆ ಖಾಲಿ ಕಾಲಂ ಹೆದರಿಸಿತು. ಬಿರುಕಿಗೆ ಲೆಕ್ಕ ಇದೆ, ಚರಿತ್ರೆ ಇಲ್ಲದ ಭಾಗಕ್ಕೆ ಯಾವ ಲೆಕ್ಕವೂ ಇಲ್ಲ.

ಬೆಸುಗೆ ಹಾಕಿ ಸರಿಪಡಿಸಬಹುದೇ? ಮತ್ತೆ ಕುಲುಮೆಗೆ ಹಾಕಿದರೆ ಲೋಹ ಹೊಸದಾಗುವುದೇ?

ಅಲ್ಯೂಮಿನಿಯಂ, ಟೈಟಾನಿಯಂ ಹೆಚ್ಚಿರುವ ಲೋಹಗಳಿಗೆ ಬೆಸುಗೆ ಒಗ್ಗುವುದಿಲ್ಲ. ಬೆಸುಗೆಯ ಬಳಿಕ ಬಿಸಿ ಮಾಡಿದಾಗ ಹೊಸ ಬಿರುಕುಗಳೇ ಹುಟ್ಟುತ್ತವೆ. 718ರಲ್ಲಿ ಕಣಗಳು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಅದು ಬೆಸುಗೆಗೆ ಒಗ್ಗುತ್ತದೆ. ವೇನ್‌ಗಳ ಬಿರುಕನ್ನು ಬ್ರೇಝಿಂಗ್‌ನಿಂದ, ಅಂದರೆ ಕಡಿಮೆ ಬಿಸಿಗೆ ಕರಗುವ ಬೇರೆ ಲೋಹ ಹರಿಸಿ, ತುಂಬುವ ಕ್ರಮವೂ ಇದೆ. ತಿರುಗುವ ಡಿಸ್ಕ್‌ನ ಬಿರುಕಿಗೆ ಬೆಸುಗೆಯ ಮಾತೇ ಇಲ್ಲ.

ಮುದಿಯಾದ ಬ್ಲೇಡ್‌ನ ದೊಡ್ಡ ಕಣಗಳನ್ನು ಕರಗಿಸಿ ಮತ್ತೆ ಹದವಾಗಿ ಮಾಗಿಸಬಹುದು, ಇದು ಸಿದ್ಧಪಟ್ಟ ವಿಧಾನ. ಬಿಸಿಯೂ ಅನಿಲದ ಒತ್ತಡವೂ ಕೂಡಿದ ಕುಲುಮೆಯಲ್ಲಿ ಒಳಗಿನ ಸಣ್ಣ ಟೊಳ್ಳುಗಳೂ ಮುಚ್ಚುತ್ತವೆ. ಆದರೆ ಮೇಲ್ಮೈಗೆ ತೆರೆದ ಬಿರುಕು ಇದರಿಂದ ಮುಚ್ಚದು: ಒತ್ತುವ ಅನಿಲವೇ ಅದರೊಳಗೆ ತುಂಬಿಕೊಂಡಿರುತ್ತದೆ.

ನಮ್ಮದು ಸಣ್ಣ ಮೆಷಿನ್ ಶಾಪ್. ನಮಗೂ ಇದಕ್ಕೂ ಏನು ಸಂಬಂಧ?

1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲಾದಲ್ಲಿ ಡೆಲ್ಟಾ ಸಂಸ್ಥೆಯ ಎಂಡಿ-88 ವಿಮಾನದ ಎಂಜಿನ್ನಿನ ಮುಂಭಾಗದ ಹಬ್, ಅಂದರೆ ಬ್ಲೇಡ್‌ಗಳನ್ನು ಹಿಡಿದಿರುವ ನಡುಭಾಗ, ಮೇಲೇರುವ ಓಟದಲ್ಲಿ ಒಡೆಯಿತು. ಇಬ್ಬರು ಪ್ರಯಾಣಿಕರು ತೀರಿಕೊಂಡರು. ಆ ಹಬ್ ಟೈಟಾನಿಯಂನದು, ಸೂಪರ್‌ಅಲಾಯ್ ಅಲ್ಲ; ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಬಿರುಕು ಹುಟ್ಟಿದ್ದು ಜೋಡಿಸುವ ಕಡ್ಡಿ (ಟೈರಾಡ್) ತೂರುವ ಒಂದು ರಂಧ್ರದ ಒಳಮೈಯಲ್ಲಿ. ತಯಾರಿಕೆಯಲ್ಲಿ ಆ ರಂಧ್ರ ಕೊರೆಯುವಾಗ ಲೋಹ ವಿಪರೀತ ಬಿಸಿಯಾಗಿ ಅಲ್ಲಿನ ಪದರ ಗಡುಸಾಗಿತ್ತು. ತಪಾಸಣೆಗಳು ಅದನ್ನು ಹಿಡಿಯಲಿಲ್ಲ.

ನಿಕ್ಕಲ್ ಲೋಹಗಳು ಬಿಸಿಯನ್ನು ಬೇಗ ಹರಿಸುವುದಿಲ್ಲ, ಕತ್ತರಿಸುತ್ತಿದ್ದಂತೆ ಗಡುಸಾಗುತ್ತವೆ. ಮೊಂಡಾದ ಉಪಕರಣ, ನಿಂತುಹೋದ ಕೂಲೆಂಟ್, ‘ಇನ್ನೆರಡು ಪೀಸ್ ಆಗಲಿ’ ಎಂದು ಬದಲಾಯಿಸದ ಡ್ರಿಲ್, ಇವೇ ಮುಂದೊಂದು ದಿನದ ಬಿರುಕಿನ ಬೀಜ. ಅಳತೆ ಸರಿಯಿದ್ದರೂ ಮೇಲ್ಮೈ ಹಾಳಾಗಿರಬಹುದು, ಮೈಕ್ರೋಮೀಟರ್ ಅದನ್ನು ತೋರಿಸುವುದಿಲ್ಲ. ತುಮಕೂರಿನ ಶೆಡ್‌ಗಳಲ್ಲಿ ನಿಜವಾದ ಕೈಚಳಕ ಇದೆ, ಅದನ್ನು ನಾನು ಕಂಡಿದ್ದೇನೆ. ಅದಕ್ಕೆ ಒಂದು ಅಭ್ಯಾಸ ಸೇರಿದರೆ ಸಾಕು: ಡ್ರಿಲ್ ಮುರಿದಾಗ, ಕೂಲೆಂಟ್ ನಿಂತಾಗ, ಅದು ಯಾವ ಪೀಸ್‌ನಲ್ಲಿ ಎಂದು ಬರೆದಿಡುವುದು. ಬೈಯುವ ಮಾಲೀಕರಿದ್ದರೆ ಹುಡುಗರು ಬರೆಯುವುದಿಲ್ಲ, ಮುಚ್ಚಿಡುತ್ತಾರೆ. ಆದ್ದರಿಂದ ಈ ಮಾತನ್ನು ಮಾಲೀಕರಿಗೇ ಹೇಳುತ್ತಿದ್ದೇನೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸೂಪರ್‌ಅಲಾಯ್ ಇಲ್ಲ. ಕಲಿಯುವುದು ಹೇಗೆ?

ಗುಜರಿ ಅಂಗಡಿಗೆ ಹೋಗಿ. ಮುರಿದ ಟ್ರಾಕ್ಟರ್ ಆಕ್ಸಲ್, ಪಂಪ್ ಶಾಫ್ಟ್, ಬೈಸಿಕಲ್ಲಿನ ಪೆಡಲ್ ಕಡ್ಡಿ ಕೇಳಿ ತನ್ನಿ. ಮುರಿದ ಮುಖವನ್ನು ಉಜ್ಜಬೇಡಿ, ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಲೂಬೇಡಿ, ಗುರುತುಗಳು ಅಳಿಯುತ್ತವೆ. ಸೀಮೆಎಣ್ಣೆಯಲ್ಲಿ ಮೆಲ್ಲಗೆ ತೊಳೆದು, ಬೆಳಕನ್ನು ಓರೆಯಾಗಿ ಬೀಳಿಸಿ, ಭೂತಗನ್ನಡಿಯಲ್ಲಿ ನೋಡಿ. ಒಂದು ಅಂಚಿನಿಂದ ಹೊರಟು, ಕೆರೆಯ ನೀರು ಇಳಿದಂತೆಲ್ಲ ದಡದಲ್ಲಿ ಉಳಿಯುವ ಗೆರೆಗಳ ಹಾಗೆ ಬಾಗಿದ ಗೆರೆಗಳು ಕಂಡರೆ ಅದು ದಣಿವಿನ ಬಿರುಕು. ಗೆರೆಗಳು ಯಾವ ಬಿಂದುವನ್ನು ಸುತ್ತಿವೆಯೋ ಅಲ್ಲಿಯೇ ಅದು ಹುಟ್ಟಿದ್ದು. ಅಲ್ಲಿ ಕೀಲಿಯ ತೋಡೋ ತುಕ್ಕಿನ ಗುಳಿಯೋ ಲೇತ್ ಗೀರೋ ಇದೆಯೇ ನೋಡಿ. ನುಣುಪಾದ ಭಾಗ ಎಷ್ಟು, ಕೊನೆಗೆ ಒಮ್ಮೆಲೇ ಹರಿದ ಒರಟು ಭಾಗ ಎಷ್ಟು ಎಂದು ಅಳೆಯಿರಿ. ಒರಟು ಭಾಗ ಚಿಕ್ಕದಿದ್ದರೆ ಭಾರ ಕಡಿಮೆ ಇತ್ತು, ಬಿರುಕು ಬಹಳ ಕಾಲ ಬೆಳೆದಿತ್ತು ಎಂದರ್ಥ. ಇಷ್ಟನ್ನು ಚಿತ್ರ ಬರೆದು, ಆ ಯಂತ್ರ ಎಷ್ಟು ವರ್ಷ ಹೇಗೆ ದುಡಿಯಿತೆಂದು ಅದರ ಮಾಲೀಕರನ್ನು ಕೇಳಿ, ಪಕ್ಕದಲ್ಲೇ ಬರೆದು ತನ್ನಿ. ಟರ್ಬೈನ್ ಡಿಸ್ಕ್‌ನ ಮುರಿದ ಮುಖದ ಚಿತ್ರಗಳು ನನ್ನ ಬಳಿ ಇವೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.